ಮುಂದಿನ ಗಾಲಿ ಸೊಸೆ, ಹಿಂದಿನ ಗಾಲಿ ಅತ್ತೆ

ಬೆಹ್ರಾಮ್ ಸಾಹೇಬರನ್ನು ನಾನು ಮೊಟ್ಟಮೊದಲು ನೋಡಿದಾಗ ಅವರು ನಮ್ಮ ಕಾರಿನ ಕೆಳಗೆ ಮಲಗಿದ್ದರು. ಬಿಳಿ ಪ್ಯಾಂಟಿನ ಎರಡು ಕಾಲು ಮಾತ್ರ ಹೊರಗೆ. ವಡೋದರದ ಫತೇಗಂಜಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಬೆಳಬೆಳಗ್ಗೆ ಹೀಗೊಬ್ಬ ಗಂಡಸು ಬಿದ್ದಿದ್ದರೆ ಏನೆಂದು ತಿಳಿಯಬೇಕು? ಮೂರ್ಛೆ ಬಂದಿದೆ ಎಂದೇ ತಿಳಿದೆ. ಒಳಗೆ ಓಡಿ (ಓಡಿ ಎಂದರೆ, ಸೊಂಟ ಹಿಡಿದುಕೊಂಡು ನನ್ನಿಂದ ಆಗುವಷ್ಟು) ಒಂದು ಉಳ್ಳಾಗಡ್ಡಿ ತಂದೆ. ಗುದ್ದಿ, ಕುಕ್ಕರಗಾಲಿನಲ್ಲಿ ಕೂತು, ಕಾರಿನ ಕೆಳಗೆ ಕೈ ಚಾಚಿ ಆ ಮನುಷ್ಯನ ಮೂಗಿಗೆ ಹಿಡಿದೆ.

“ಅರೇ ಬಾ! ಬೆಳಿಗ್ಗೆ ಬೆಳಿಗ್ಗೆ ಭಜಿಯಾ ಮಾಡ್ತಾ ಇದೀರಾ?” ಎಂದಿತು ಕಾರಿನ ಹೊಟ್ಟೆ.

(ಗುಜರಾತಿನಲ್ಲಿ ತಾಯಿಗೆ ‘ಬಾ’ ಎನ್ನುತ್ತಾರೆ. ಹೊಸದಾಗಿ ವಡೋದರಕ್ಕೆ ಬಂದಾಗ ಯಾರು ಹಾಗೆಂದರೂ ನಾನು ಎದ್ದು ಹೋಗಿ ಅವರ ಮುಂದೆ ನಿಲ್ಲುತ್ತಿದ್ದೆ. ಈಗ ಏಳುವುದಿಲ್ಲ.)

ಹೊರಗೆ ಬಂದವರು ಅರವತ್ತು ದಾಟಿದ, ಕಡ್ಡಿಯಂಥ ಪಾರ್ಸಿ ಯಜಮಾನರು. ಊರು ಸೂರತ್. ವಯಸ್ಸಿನಲ್ಲಿ ಕಾರಿನ ಪಂದ್ಯಗಳಲ್ಲಿ ಹಾರಾಡಿದವರಂತೆ. ಈಗ ಊರೂರು ತಿರುಗಿ ಒಂದು ವಿಚಿತ್ರ ಶಾಲೆ ನಡೆಸುತ್ತಿದ್ದರು. ಕಾರು ಹೊಡೆಯಲು ಬಾರದವರಿಗೆ ಅಲ್ಲಿ ಪ್ರವೇಶವಿಲ್ಲ. ಬರುತ್ತದೆ ಎಂದುಕೊಂಡವರಿಗೆ, ನಿನಗೆ ಬರುವುದಿಲ್ಲ ಎಂದು ತಿಳಿಸಿಕೊಡುವ ಶಾಲೆ ಅದು. ಅವರವರ ಮನೆಯ ಕಾರನ್ನೇ ತೆಗೆದುಕೊಂಡು ಹೋಗಬೇಕು. ಖಾಲಿ ಡಾಂಬರಿನ ಮೇಲೆ, ಎದುರಿಗೆ ಎಮ್ಮೆ ಇಲ್ಲ, ಎತ್ತಿಲ್ಲ, ಪೊಲೀಸರಿಲ್ಲ, ಜೋರಾಗಿ ಹೊಡೆದು ತೋರಿಸಬೇಕು. ಆ ಶಾಲೆಗೆ ನನ್ನ ಮಗ ಹರಿಪ್ರಸಾದ ಸೇರಿದ್ದ. ವಿಮಾ ಕಚೇರಿಯ ಆಫೀಸರು, ನೆತ್ತಿಯ ಕೂದಲು ಉದುರಿದ ಮೇಲೆ ವಿದ್ಯಾರ್ಥಿ!

ಕಾರಣ ನನ್ನ ಸೊಸೆ ಗಿರಿಜಾ. ಹಾಗೆಂದು ನಾನು ಹೇಳುತ್ತೇನೆ. ಕಾರಣ ಮಗನ ಡ್ರೈವಿಂಗು ಎಂದು ಗಿರಿಜಾ ಹೇಳುತ್ತಾಳೆ.

ನಿಜ ಹೇಳಬೇಕೆಂದರೆ ಹರಿಪ್ರಸಾದ ಕಾರು ಹೊಡೆಯುವುದು, ಎಳೆಗೂಸನ್ನು ತೊಟ್ಟಿಲಲ್ಲಿ ತೂಗಿದ ಹಾಗೆ. ದಾರಿಯಲ್ಲಿ ನಾಯಿ ಮಲಗಿದ್ದರೆ ಅದು ತಾನಾಗಿ ಏಳುವವರೆಗೆ ನಿಲ್ಲುತ್ತಾನೆ. ಉತ್ತರಾಯಣದ ಹಬ್ಬದ ಮೇಲೆ ವೈರುಗಳಿಗೆ ಜೋತುಬಿದ್ದ ಗಾಳಿಪಟ ಅಲುಗಿದರೂ ಬ್ರೇಕು. ಪಾವು ಮಾರುವ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಗಿ, ನಾವು ಮುಟ್ಟುವವರೆಗೆ ಎರಡು ಮನೆಗೆ ವ್ಯಾಪಾರ ಮಾಡಿ, ಆಮೇಲೆ ಕಿಟಕಿಗೆ ಬಗ್ಗಿ “ಬ್ರೆಡ್ ಬೇಕಾ?” ಎಂದು ಕೇಳಿದ್ದುಂಟು.

“ಅವ್ವಾ, ನೀನ ಹೇಳು. ನಾ ಇಷ್ಟು ವರ್ಷದಾಗ ಯಾರಿಗರೆ ಹಾಯ್ಸೇನೇನು?” ಎಂದು ಒಂದು ದಿನ ಮಗ ಊಟದ ತಟ್ಟೆಯ ಮುಂದೆ ಕೂತು ಕೇಳಿದ.

“ಹಾಯ್ಸಾಕ ಮೊದ್ಲ ಅವರನ್ನ ಮುಟ್ಟಬೇಕಲ್ರಿ!” ಎಂದಳು ಗಿರಿಜಾ ಒಲೆಯ ಮುಂದಿನಿಂದ.

“ಸಾವಕಾಶ ಹೋದ್ರ ಸುಖವಾಗಿ ಮುಟ್ಟತೀವಿ.”

“ಮುಟ್ಟಿದ್ವಿ, ಮುಟ್ಟಿದ್ವಿ! ಅಹಮದಾಬಾದಿಗೆ ಹೆಂಗ ಮುಟ್ಟಿದ್ವಿ ಅಂತ ಅತ್ತಿಯವರನ್ನ ಕೇಳ್ರಿ. ಕೂಸಿನ ಕಿವ್ಯಾಗ ಹೆಸರು ಹೇಳಬೇಕಾದಾಕಿ ಸ್ವಾದರತ್ತಿ. ನಾ ಮುಟ್ಟೂದ್ರಾಗ ಬಾಜೂಮನಿ ಹೇಮಲತಾಬೆನ್ ಹೆಸರು ಹೇಳಿ, ಉಂಡು, ಕೈ ತೊಳಕೊಂಡು ಹೋಗಿದ್ಲು!”

ಅವಳು ಹೇಳಿದ್ದು ಸುಳ್ಳಲ್ಲ. ಗಿರಿಜಾಳ ಒಬ್ಬನೇ ತಮ್ಮ ಅಚ್ಯುತ ಅಹಮದಾಬಾದಿನಲ್ಲಿ ಯಾವುದೋ ಸಂಶೋಧನೆಯ ಕಚೇರಿಯಲ್ಲಿದ್ದಾನೆ. ಅವನ ಮಗಳು ಮೇದಿನಿಯ ತೊಟ್ಟಿಲಿಗೆಂದು ಹೊರಟ ನಾವು ಮುಟ್ಟಿದಾಗ, ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಏರಿಸುತ್ತಿದ್ದರು. ಗಿರಿಜಾ ಕೂಸನ್ನು ಎತ್ತಿಕೊಂಡು ಮೂಲೆಗೆ ಹೋಗಿ, ಆಗಲೇ ಇಟ್ಟಾಗಿದ್ದ ಹೆಸರನ್ನು ಇನ್ನೊಮ್ಮೆ ಅದರ ಕಿವಿಯಲ್ಲಿ ಹೇಳಿದಳು. ಅದನ್ನು ನಾನೊಬ್ಬಳೇ ನೋಡಿದೆ.

ಈಗ ಅದೇ ಅಚ್ಯುತ ಹೊಸ ಮನೆ ಕಟ್ಟಿಸಿದ್ದ. ವಾಸ್ತುಶಾಂತಿಗೆ ತುಂಬಿದ ಕೊಡ ಹಿಡಿದು ಮೊದಲು ಹೊಸ್ತಿಲು ದಾಟಬೇಕಾದವಳು ಅಕ್ಕ. ಮುಹೂರ್ತ ಬೆಳಗಿನ ಹೊತ್ತು.

“ಈ ಸಲ ಕಾರು ನಾ ಹೊಡೀತೀನಿ,” ಎಂದಳು ಗಿರಿಜಾ. ಅವಳು ಬೇಸಿಗೆಯಲ್ಲಿ ಲೈಸೆನ್ಸು ಮಾಡಿಸಿಟ್ಟುಕೊಂಡಿದ್ದಳು. ಪೇಟೆಗೆಲ್ಲ ಸ್ಕೂಟರಿನ ಮೇಲೇ ಹೋಗಿ ಬರುತ್ತಿದ್ದಳು. ಆದರೆ ಕಾರಿನ ಸ್ಟೇರಿಂಗನ್ನು ಹರಿಪ್ರಸಾದ ಅವಳ ಕೈಗೆ ಕೊಟ್ಟಿರಲಿಲ್ಲ.

“ಹೈವೇ ಅಂದ್ರ ಕಾಯಿಪಲ್ಯಾ ಸಂತಿ ಅಲ್ಲ,” ಎಂದ ಮಗ.

ಜಗಳ ಅಹಮದಾಬಾದಿನವರೆಗೆ ಕೇಳಿಸಿತೆಂದು ಕಾಣುತ್ತದೆ. ಅಚ್ಯುತನೇ ಫೋನು ಮಾಡಿ ಬೆಹ್ರಾಮ್ ಸಾಹೇಬರ ಹೆಸರು ಹೇಳಿದ. ಗಂಡ ಹೆಂಡತಿ ಇಬ್ಬರೂ ಅವರ ಮುಂದೆ ಕಾರು ಹೊಡೆಯಬೇಕು. ಅವರು ಯಾರಿಗೆ ಸೈ ಅನ್ನುತ್ತಾರೋ ಅವರ ಕೈಗೆ ಕೀಲಿ. ಅಲ್ಲಿಯವರೆಗೆ ಕೀಲಿಯನ್ನು ಗಿರಿಜಾ ದೇವರ ಗೂಡಿನಲ್ಲಿ ಹನುಮಪ್ಪನ ಪಟದ ಕೆಳಗೆ ಇಟ್ಟಳು. ಆಫೀಸಿಗೆ ಹೋಗುವಾಗ ಮಗ ದಿನಾ ದೇವರ ಅಪ್ಪಣೆ ಪಡೆಯಬೇಕಾಯಿತು. ಅವನ ಭಕ್ತಿ ಒಮ್ಮೆಲೇ ಹೆಚ್ಚಿತು.

ನಾನು ಯಾರ ಕಡೆ ಎಂದು ಕೇಳುತ್ತೀರಾ? ಕೇಳಬಾರದು. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಒಬ್ಬ ಹತ್ತಿ ಸಾಹುಕಾರರ ಅಂಬಾಸಿಡರ್ ಹೊಡೆಯುತ್ತಿದ್ದರು. ‘ಡ್ರೈವರ್ ಭೀಮಸೇನ’ ಎಂದರೆ ಊರೇ ದಾರಿ ಬಿಡುತ್ತಿತ್ತು. (ಹೆಸರು ನಾನು ಹೇಳುತ್ತಿಲ್ಲ, ಊರು ಹೇಳುತ್ತಿದ್ದುದನ್ನು ಹೇಳಿದೆ.) ಅಂಥವರ ಮಗ ಪಕ್ಕದ ಸೀಟಿನಲ್ಲಿ ಕೂತು, ಸೊಸೆ ಕಾರು ಹೊಡೆದರೆ ನಾನು ಆ ವಂಶದ ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ?

ಹೀಗೆ ಬೆಹ್ರಾಮ್ ಸಾಹೇಬರು ಕಾರಿನ ತಪಾಸಣೆಗೆ ಬಂದಿದ್ದರು. ನಾಲ್ಕೂ ಮೂಲೆಯನ್ನು ಒತ್ತಿ ಬಿಟ್ಟರು, ಗಾಲಿಗಳನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ನೋಡಿದರು, ಚಹಾ ಕುಡಿದರು, ಹೋಗುವಾಗ ಹೇಳಿದರು:

“ನೋಡು ಡೀಕ್ರಾ, ಭಾನುವಾರ ಕಾರು ಪೂರ್ತಿ ಖಾಲಿ ಇರಬೇಕು. ಜಾಕು, ಛತ್ರಿ, ಚಾಪೆ, ನೀರಿನ ಬಾಟ್ಲಿ, ಏನೂ ಬೇಡ. ಹಗುರ ಇದ್ದಷ್ಟೂ ಒಳ್ಳೇದು.”

(ಅವರು ಆಡುತ್ತಿದ್ದುದು ಗುಜರಾತಿ, ಹಿಂದಿ ಬೆರೆಸಿದ ಮಾತು. ‘ಡೀಕ್ರಾ’ ಎಂದರೆ ಮಗನೇ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.)

ಹಗುರ! ನನಗೆ ಒಳಗೊಳಗೇ ನಗು ಬಂತು. ಪಾಪ, ಪಂದ್ಯ ಆಡಿದವರು, ಸಂಸಾರದ ಕಾರು ಹೊಡೆದವರಲ್ಲ. ನಮ್ಮ ಮನೆಯವರು ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಹೊರಟರೆ ಡಿಕ್ಕಿಯಲ್ಲಿ ದೊಡ್ಡದೊಂದು ಕಲ್ಲು ಹೇರದೆ ಹೊರಟವರಲ್ಲ. “ಹಿಂದ ಭಾರ ಇದ್ರ ಗಾಲಿ ನೆಲಾ ಕಚ್ಚತೈತಿ,” ಎನ್ನುತ್ತಿದ್ದರು. ಬೇರೆಯವರ ಕಾರುಗಳು ಕೆಸರಿನಲ್ಲಿ ಎಮ್ಮೆಯಂತೆ ಕೂತಿದ್ದಾಗ ಅವರದು ಗುಡುಗುಡು ಅಂತ ಮನೆಗೆ ಬರುತ್ತಿತ್ತು. ಇದು ನಾನು ಕಣ್ಣಾರೆ ಕಂಡ ವಿದ್ಯೆ. ಪುಸ್ತಕದ್ದಲ್ಲ.

ಇಲ್ಲಿ ನನ್ನ ಸೊಂಟದ ವಿಷಯ ಹೇಳಿಬಿಡಬೇಕು. ಮೂರು ವರ್ಷದಿಂದ ಅದು ಹಿಡಿದುಕೊಂಡಿದೆ. ನೀರಿನ ಕೊಡ, ಒಗೆದ ಅರಿವೆಯ ಬಕೆಟ್ಟು, ಹಿಟ್ಟಿನ ಡಬ್ಬಿ, ಯಾವುದನ್ನೂ ನಾನು ಎತ್ತುವಂತಿಲ್ಲ. ಗೋದಿಯ ಚೀಲ ಗಿರಣಿಗೆ ಹೊತ್ತೊಯ್ದು, ಹಿಟ್ಟು ಮಾಡಿಸಿ ತಂದು, ಮಧ್ಯಾಹ್ನ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕುವವಳೂ ಗಿರಿಜಾ. “ಅತ್ತಿ, ನೀವು ಬಗ್ಗಬ್ಯಾಡ್ರಿ, ನಾ ಅದೀನಲ್ಲ,” ಎನ್ನುತ್ತಾಳೆ. ನೋವು ನನ್ನದು, ಹೊರುವುದು ಅವಳದು. ಸಂಸಾರವೆಂದರೆ ಹಂಚಿಕೊಂಡು ಬಾಳುವುದು.

ಭಾನುವಾರ ನಸುಕಿನಲ್ಲಿ ನಾನು ಎದ್ದಾಗ ಇಬ್ಬರೂ ಮಲಗಿದ್ದರು. ಮಗ ಹಿಂದಿನ ಸಂಜೆಯೇ ಕಾರನ್ನು ಖಾಲಿ ಮಾಡಿದ್ದ. ಮೆಟ್ಟಿಲಿನ ಕೆಳಗೆ ನನ್ನ ತವರಿನಿಂದ ಬಂದ ಬೀಸುವ ಕಲ್ಲು ಇತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ನಮ್ಮ ಜೊತೆ ಬಂದದ್ದು. ಅದರ ಮೇಲೆ ಗಿರಿಜಾ ಒಂದು ಮನಿಪ್ಲಾಂಟಿನ ಕುಂಡ ಇಟ್ಟು ಅದಕ್ಕೆ ಅವಮಾನ ಮಾಡಿದ್ದಳು. ಕುಂಡ ಕೆಳಗಿಟ್ಟೆ. ಹನುಮಪ್ಪನಿಗೆ ಕೈಮುಗಿದು ಕೀಲಿ ತೆಗೆದುಕೊಂಡೆ. ಮೇಲಿನ ಕಲ್ಲು ಒಂದು ಸಲ, ಕೆಳಗಿನ ಕಲ್ಲು ಒಂದು ಸಲ, ಹಳೆಯ ಕೌದಿಯಲ್ಲಿ ಸುತ್ತಿ ಡಿಕ್ಕಿಗೆ ಸೇರಿದವು. ಹೇಗೆ ಸೇರಿದವು ಎಂದರೆ, ಸೇರಿದವು. ಮಗನ ಕೆಲಸವೆಂದರೆ ತಾಯಿಗೆ ದೇವರೇ ಕೈ ಹಚ್ಚುತ್ತಾನೆ. ಅಷ್ಟಕ್ಕೂ ಮಾರುತಿ ಕಾರು. ಮಾರುತಿ ಎಂದರೆ ಗುಡ್ಡವನ್ನೇ ಎತ್ತಿದವನು. ಅವನಿಗೆ ಬೀಸುವ ಕಲ್ಲು ಯಾವ ಲೆಕ್ಕ?

ಕೀಲಿ ಮತ್ತೆ ದೇವರ ಗೂಡಿಗೆ ಹೋಯಿತು. ನಾನು ಮತ್ತೆ ಹಾಸಿಗೆಗೆ ಹೋದೆ. ಗಿರಿಜಾ ಬಂದು ಕೈಹಿಡಿದು ಎಬ್ಬಿಸಿದಳು.

ದಾರಿಯಲ್ಲಿ ಮಗ ಬಹಳ ಹುರುಪಿನಲ್ಲಿದ್ದ. “ಅವ್ವಾ, ಇವತ್ತ ಸ್ಟೇರಿಂಗು ಹೂವಿನಂಗ ಹಗುರ ಆಗೈತಿ! ಕಾರು ಖಾಲಿ ಮಾಡಿದ್ದಕ್ಕ ನೋಡು!”

ನಾನು ಹಿಂದಿನ ಸೀಟಿನಲ್ಲಿ ನಕ್ಕೆ.

“ಹಿಂದ ಏನೋ ಗುಡುಗುಡು ಸಪ್ಪಳ ಆಗಾಕತ್ತೈತಲ್ರಿ?” ಎಂದಳು ಗಿರಿಜಾ.

“ಗುಡುಗು,” ಎಂದೆ.

“ಜನವರಿ ತಿಂಗಳದಾಗ?”

“ನಿಮ್ಮ ಗುಜರಾತಿನಾಗ ಏನೂ ಹೇಳಾಕ ಬರೂದಿಲ್ಲವಾ,” ಎಂದು ಕಿಟಕಿಯ ಹೊರಗೆ ನೋಡಿದೆ. ಆಕಾಶ ಒರೆಸಿದ ತಟ್ಟೆಯ ಹಾಗಿತ್ತು.

ಶಾಲೆ ನಡೆಯುವ ಜಾಗ ಹಾಲೋಲ್ ದಾರಿಯಿಂದ ಒಳಗೆ. ಯಾರೋ ಗಿರಣಿಯ ಮಾಲೀಕರು ತಮ್ಮ ಪುಟ್ಟ ವಿಮಾನ ಇಳಿಸಲು ಮಾಡಿಸಿದ ಉದ್ದನೆಯ ಡಾಂಬರು. ಗಿರಣಿ ಮುಚ್ಚಿತು, ವಿಮಾನ ಹಾರಿಹೋಯಿತು, ಡಾಂಬರು ಉಳಿಯಿತು. ಅದರ ಮೇಲೆ ಸುಣ್ಣದ ಗೆರೆ ಎಳೆದು, ಹಳೆಯ ಟೈರು ಒಟ್ಟಿ, ಪೊಲೀಸರು ರಸ್ತೆಯಲ್ಲಿ ಇಡುವಂಥ ಕೆಂಪು ಟೊಪ್ಪಿಗೆಗಳನ್ನು ಸಾಲಾಗಿ ಇಟ್ಟು ತಿರುವುಗಳನ್ನು ಮಾಡಿದ್ದರು. ಸುತ್ತ ಔಡಲದ ಹೊಲ. ಇನ್ನೂ ನಾಲ್ಕಾರು ಕಾರುಗಳು ಬಂದಿದ್ದವು. ನನಗೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು.

ಬೆಹ್ರಾಮ್ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಶುರು ಮಾಡಿದರು.

“ಹಳೇ ಕಾರುಗಳಲ್ಲಿ ಹಿಂದಿನ ಗಾಲಿ ದಬ್ಬುತ್ತೆ. ನಿಮ್ಮ ಈ ಹೊಸ ಕಾರುಗಳಲ್ಲಿ ಮುಂದಿನ ಗಾಲಿ ಎಳೆಯುತ್ತೆ. ಎಳೆಯೋದೂ ಅದೇ, ತಿರುಗೋದೂ ಅದೇ. ಅಂದ್ರೆ ಮುಂದಿನ ಗಾಲಿ ಮನೇ ಸೊಸೆ ಇದ್ದ ಹಾಗೆ. ಅಡುಗೆ ಅವಳೇ ಮಾಡಬೇಕು, ಅವಳೇ ಬಡಿಸಬೇಕು. ಎರಡನ್ನೂ ಒಟ್ಟಿಗೆ ಮಾಡು ಅಂದ್ರೆ ಸಿಟ್ಟು ಮಾಡ್ಕೊಂಡು ತವರಿಗೆ ಹೋಗ್ತಾಳೆ. ಕಾರು ಸೀದಾ ಹೊಲಕ್ಕೆ ಹೋಗುತ್ತೆ.”

ಎಲ್ಲರೂ ನಕ್ಕರು. ಗಿರಿಜಾ ಸ್ವಲ್ಪ ಹೆಚ್ಚೇ ನಕ್ಕಳು.

“ಹಿಂದಿನ ಗಾಲಿ?” ಎಂದು ಕೇಳಿದಳು.

“ಅದು ಅತ್ತೆ. ಅವಳಿಗೇನೂ ಕೆಲಸ ಇಲ್ಲ. ಸುಮ್ನೆ ಹಿಂದೆ ಬಂದ್ರೆ ಸಾಕು. ಅವಳು ತನ್ನದೇ ದಾರಿ ಹಿಡಿದ್ಲೋ, ಇಡೀ ಸಂಸಾರ ಗಿರಕಿ ಹೊಡೆಯುತ್ತೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೀಬೇಡಿ. ತೆಗೆದ್ರೆ ಅತ್ತೆ ಎದ್ದು ಬರ್ತಾಳೆ.”

ನಾನು ಸೆರಗು ಸರಿಮಾಡಿಕೊಂಡು ಔಡಲದ ಹೊಲ ನೋಡಿದೆ. ಬೆಳೆ ಚೆನ್ನಾಗಿ ಬಂದಿತ್ತು.

ಮೊದಲು ಹರಿಪ್ರಸಾದ. ಸಾಹೇಬರು ಪಕ್ಕದಲ್ಲಿ ಕೂತರು. ಹೂವಿನಂಥ ಸ್ಟೇರಿಂಗಿನ ಭರವಸೆಯ ಮೇಲೋ ಏನೋ, ನನ್ನ ಮಗ ಹುಟ್ಟಿದ ಮೇಲೆ ಮೊದಲ ಸಲ ಜೋರಾಗಿ ಹೊರಟ. ನನಗೆ ಎದೆಯುಬ್ಬಿ ಬಂತು. ಅದೇ ಕತ್ತು, ಅದೇ ಭುಜ, ಅಪ್ಪನದೇ ಪಡಿಯಚ್ಚು! ಮೊದಲನೆಯ ತಿರುವು ಬಂತು. ಮಗ ತಿರುಗಿಸಿದ. ಕಾರು ತಿರುಗಲು ಒಲ್ಲೆನೆಂದು ಹೊರಗಿನ ಟೈರುಗಳ ಕಡೆ ಹೊರಟಿತು. ಅವನು ಗಾಬರಿಯಾಗಿ ಕಾಲು ತೆಗೆದ. ಗುಡುಗುಡು ಎಂದು ಒಂದು ಸಪ್ಪಳವಾಯಿತು. ಆಮೇಲೆ ಕಾರಿನ ಬಾಲ ಮುಂದೆ ಬಂತು, ಮುಖ ಹಿಂದೆ ಹೋಯಿತು, ಕೆಂಪು ಟೊಪ್ಪಿಗೆಗಳೆಲ್ಲ ಹಾರಿದವು. ಡಾಂಬರಿನ ಮೇಲೆ ದೀಪಾವಳಿಯ ನೆಲಚಕ್ರದ ಹಾಗೆ ತಿರುಗಿ, ಕಾರು ಬೆನ್ನು ಮುಂದಾಗಿ ಔಡಲದ ಹೊಲ ಹೊಕ್ಕಿತು.

“ಅಯ್ಯಯ್ಯೋ!” ಎಂದಳು ಗಿರಿಜಾ. ಓಡಿಹೋಗಿ ಗಂಡನ ಕೈಕಾಲು ಮುಟ್ಟಿ ನೋಡಿದಳು. ಎಲ್ಲ ಇದ್ದವು. ಮುಖದಲ್ಲಿ ಬಣ್ಣ ಮಾತ್ರ ಇರಲಿಲ್ಲ.

“ಮೊದಲ ಸಲ ಹೀಗಾಗುತ್ತೆ ಡೀಕ್ರಾ, ಇನ್ನೊಮ್ಮೆ,” ಎಂದರು ಸಾಹೇಬರು.

ಇನ್ನೊಮ್ಮೆಯೂ ಅದೇ ತಿರುವು, ಅದೇ ಗುಡುಗು, ಅದೇ ಹೊಲ. ಈ ಸಲ ಇನ್ನಷ್ಟು ಒಳಗೆ. ಸಾಹೇಬರು ಕಿವಿಯೊಳಗಿನ ಔಡಲದ ಎಲೆ ತೆಗೆದುಕೊಂಡು ಯೋಚನೆಗೆ ಬಿದ್ದರು.

“ಈ ಕಾರಿನ ಸ್ವಭಾವವೇ ಇದಲ್ಲ. ಇಷ್ಟು ಸುಲಭಕ್ಕೆ ಬಾಲ ತಿರುಗಿಸೋ ಜಾತಿ ಅಲ್ಲ ಇದು. ಹಿಂದೆ ಏನೋ ಇದೆ.”

ಡಿಕ್ಕಿ ತೆಗೆದರು. ಕೌದಿ ಬಿಚ್ಚಿಕೊಂಡು, ಎರಡು ಕಲ್ಲೂ ಒಂದೊಂದು ಮೂಲೆ ಹಿಡಿದು ಕೂತಿದ್ದವು. ಎಲ್ಲ ಕಾರುಗಳ ವಿದ್ಯಾರ್ಥಿಗಳೂ ಬಂದು ಸುತ್ತ ನಿಂತರು.

“ಅವ್ವಾ,” ಎಂದ ಹರಿಪ್ರಸಾದ ಸಣ್ಣ ದನಿಯಲ್ಲಿ, “ಇದು ನಮ್ಮ ಬೀಸೂ ಕಲ್ಲಲ್ಲೇನು?”

ನಾನು ಕೂತಲ್ಲಿಂದ ಹೇಳಿದೆ: “ಹೌದು. ಅದು ನಿಮ್ಮಪ್ಪನ ಪದ್ಧತಿ. ಹಿಂದ ಭಾರ ಇದ್ರ ಗಾಲಿ ನೆಲಾ ಕಚ್ಚತೈತಿ. ಹುಬ್ಬಳ್ಳಿಯಾಗ ಯಾರನ್ನ ಬೇಕಾದ್ರ ಕೇಳು.”

ನಗುತ್ತಾರೆಂದುಕೊಂಡಿದ್ದೆ. ಸಾಹೇಬರು ನಗಲಿಲ್ಲ. ನನ್ನ ಕುರ್ಚಿಯ ಬಳಿ ಬಂದು ಕೂತರು.

“ನಿಮ್ಮ ಯಜಮಾನರು ಹೇಳಿದ್ದು ಸರಿ ಬಾ. ನೂರಕ್ಕೆ ನೂರು. ಅವರ ಕಾರಿನ ಹಿಂದಿನ ಗಾಲಿ ದಬ್ಬುತ್ತಿತ್ತು. ಭಾರ ಅಲ್ಲೇ ಬೇಕು. ಇದು ಎತ್ತಿನ ಗಾಡಿ. ಎಳೆಯೋವು ಮುಂದಿವೆ. ಗಾಡಿಯಲ್ಲಿ ಭಾರವೆಲ್ಲ ಹಿಂದೆ ಹೇರಿದ್ರೆ ಏನಾಗುತ್ತೆ ಹೇಳಿ?”

ಗಾಡಿಯ ಮೇಲೆಯೇ ಬೆಳೆದವಳು ನಾನು. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ, ಕಾಲು ನೆಲ ಹಿಡಿಯುವುದಿಲ್ಲ. ಇದನ್ನು ಪಾರ್ಸಿಯವರಿಂದ ಕೇಳಿಸಿಕೊಳ್ಳಬೇಕೆ? “ನೋಡಬೇಕಾಗತೈತಿ,” ಎಂದಷ್ಟೇ ಹೇಳಿದೆ.

ಸಾಹೇಬರು ನಾಲ್ಕಾರು ವಿದ್ಯಾರ್ಥಿಗಳನ್ನು ಕರೆದು ಕಲ್ಲು ಇಳಿಸಿದರು. ಹರಿಪ್ರಸಾದನಿಗೆ ಇನ್ನೊಂದು ಅವಕಾಶ ಸಿಕ್ಕಿತು. ಆದರೆ ಎರಡು ಸಲ ಹೊಲ ಕಂಡುಬಂದ ಮನುಷ್ಯ ಈಗ ತಿರುವನ್ನು ದೇವಸ್ಥಾನದ ಪ್ರದಕ್ಷಿಣೆಯಂತೆ ಸುತ್ತಿದ. ಒಂದು ನಾಯಿ ಅವನ ಪಕ್ಕದಲ್ಲೇ ನಡೆದು ಬಂದು, ಬೇಸರವಾಗಿ ಮುಂದೆ ಹೋಯಿತು.

ಆಮೇಲೆ ಗಿರಿಜಾ. ಸೆರಗು ಸಿಕ್ಕಿಸಿ, ಚಪ್ಪಲಿ ಬಿಚ್ಚಿಟ್ಟು ಕೂತಳು. ನೆಟ್ಟಗಿನ ದಾರಿಯಲ್ಲಿ ಜೋರಾಗಿ ಬಂದಳು. ತಿರುವಿನ ಮೊದಲೇ ನಿಧಾನ ಮಾಡಿದಳು, ಅಲ್ಲಿ ಬರೀ ತಿರುಗಿದಳು, ತಿರುಗಿದ ಮೇಲೆ ಬರೀ ಎಳೆದಳು. ಒಂದು ಕೆಲಸ ಮುಗಿಸಿ ಒಂದು. ಕೆಂಪು ಟೊಪ್ಪಿಗೆ ಒಂದೂ ಅಲುಗಲಿಲ್ಲ. ಹಿಂದಿನ ಗಾಲಿ ಬಾಯಿಮುಚ್ಚಿಕೊಂಡು ಹಿಂದೆ ಬಂತು. ಅದು ಅಷ್ಟು ಸಜ್ಜನಿಕೆಯಿಂದ ಬಂದದ್ದು ನೋಡಿ ನನಗೆ ಅದರ ಮೇಲೇ ಸಿಟ್ಟು ಬಂತು.

ಸಾಹೇಬರು ತೀರ್ಪು ಕೊಟ್ಟರು. “ಡೀಕ್ರಾ, ನಿನ್ನಿಂದ ಯಾರೂ ಸಾಯೋದಿಲ್ಲ. ಆದರೆ ನೀನು ಎಲ್ಲಿಗೂ ಮುಟ್ಟೋದೂ ಇಲ್ಲ. ಕೀಲಿ ಇವಳ ಕೈಗೆ ಕೊಡು.”

ಮಗ ಎದುರು ಹೇಳುತ್ತಾನೆಂದು ಕಾದೆ. ಅವನು ಸಂತೆಯ ಹೊರೆ ಇಳಿಸಿದವನಂತೆ ಉಸಿರು ಬಿಟ್ಟು, “ಛಲೋ ಆತು! ಇನ್ನ ನಾ ಬಾಜೂಕ ಕೂತು ಆರಾಮಾಗಿ ಪೇಪರು ಓದ್ತೀನಿ,” ಎಂದ. ಡ್ರೈವರ್ ಭೀಮಸೇನನ ಮಗ! (ಮತ್ತೆ ಊರಿನ ಮಾತನ್ನೇ ಹೇಳಿದ್ದೇನೆ.)

ಗಿರಿಜಾ ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡಳು. “ಅತ್ತಿ, ಈ ಸಲ ತುಂಬಿದ ಕೊಡಾ ನಾನ ಹಿಡೀತೀನಿ ನೋಡ್ರಿ,” ಎಂದಳು. ಅವಳ ಕಣ್ಣು ತುಂಬಿತ್ತು. ಸುಳ್ಳೇಕೆ, ಆ ಗಳಿಗೆಯಲ್ಲಿ ನನಗೂ ಸ್ವಲ್ಪ ಸಂತೋಷವೇ ಆಯಿತು. ಅಲ್ಲಿಗೇ ಮನೆಗೆ ಹೊರಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು.

“ಕಲ್ಲು ಇಲ್ಲೇ ಬಿಟ್ಟು ಹೋಗೂಣೇನು?” ಎಂದ ಮಗ.

ನನ್ನ ತವರಿನ ಕಲ್ಲನ್ನು ಔಡಲದ ಹೊಲದಲ್ಲಿ ಬಿಡುವುದೆ? ಆಗದು ಎಂದೆ. ಉಳಿದವರೆಲ್ಲ ಆಗಲೇ ಹೊರಟುಹೋಗಿದ್ದರು. ಗಿರಿಜಾ ಎತ್ತಲು ಹೋದಳು. ಸಾಹೇಬರು ಅವಳನ್ನು ತಡೆದು, ತಾವೂ ಹರಿಪ್ರಸಾದನೂ ಸೇರಿ ಕೆಳಗಿನ ಕಲ್ಲಿಗೆ ಕೈ ಹಾಕಿದರು. ಮೊಣಕಾಲಿನವರೆಗೆ ಬಂತು. ಅಲ್ಲಿಂದ ಬರಲಿಲ್ಲ. ಮಗ ಸೊಂಟ ಹಿಡಿದುಕೊಂಡ. ಕಲ್ಲನ್ನು ಮತ್ತೆ ನೆಲಕ್ಕಿಟ್ಟು ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಅಷ್ಟರಲ್ಲಿ ಗಿರಿಜಾ ನನ್ನ ಕುರ್ಚಿಯ ಬಳಿ ಬಂದು, “ಸಾವಕಾಶ ಏಳ್ರಿ ಅತ್ತಿ, ಸೊಂಟಾ ಹಿಡೀತೈತಿ,” ಎಂದು ನನ್ನ ರಟ್ಟೆಯ ಕೆಳಗೆ ಕೈ ಕೊಟ್ಟಳು. ನಾನು ಮೂರು ವರ್ಷದ ಅಭ್ಯಾಸದಂತೆ ನರಳುತ್ತ ಎದ್ದೆ.

ಬೆಹ್ರಾಮ್ ಸಾಹೇಬರು ಅಂದೇ ಸಂಜೆ ಸೂರತ್ತಿಗೆ ಹೋದರು. ಮತ್ತೆ ಅವರನ್ನು ನೋಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಏನನ್ನೋ ಇಟ್ಟುಕೊಂಡು ಆ ಪ್ರಶ್ನೆ ಕೇಳಿದ್ದಲ್ಲ. ನಾನು ಎದ್ದು ನಿಂತಾಗ ಅವರು ನೆಲದ ಮೇಲಿನ ಕಲ್ಲನ್ನು ನೋಡಿದರು, ಡಿಕ್ಕಿಯ ಎತ್ತರವನ್ನು ನೋಡಿದರು, ಆಮೇಲೆ ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದರು. ನನ್ನ ರಟ್ಟೆ ಇನ್ನೂ ಗಿರಿಜಾಳ ಕೈಯಲ್ಲಿತ್ತು.

“ಅಲ್ಲ ಬಾ, ನಾವಿಬ್ಬರು ಗಂಡಸರು ಸೇರಿದರೂ ಏಳ್ತಾ ಇಲ್ಲ. ಬೆಳಿಗ್ಗೆ ಇದನ್ನು ಇಷ್ಟೆತ್ತರಕ್ಕೆ ಎತ್ತಿ ಇಟ್ಟವರು ಯಾರು?”